ಒಂಬತ್ತು ಗಂಟೆಗೆ ಮೊದಲು

ಪುಷ್ಪಾಳ ತಿಥಿಯ ದಿನ ತೋಟದಾಳುಗಳ ಲೈನ್ ಮನೆಗಳ ಮುಂದೆ ಟಾರ್ಪಾಲಿನ ಚಪ್ಪರ ಹಾಕಿ ಹೆಂಗಸರ ಪಂಕ್ತಿ ಊಟಕ್ಕೆ ಕೂತಿತ್ತು. ಪಾಯಸ ಬಡಿಸುವ ಹೊತ್ತಿಗೆ ಬಿಳಿಕಲ್ಲು ಎಸ್ಟೇಟಿನ ಹಾಜರಿ ಬರೆಯುವ ರೈಟರ್ ರವಿಚಂದ್ರ ಬಂದು ಬೈಕು ನಿಲ್ಲಿಸಿದ. ಹೆಲ್ಮೆಟ್ಟನ್ನೂ ತೆಗೆಯದೆ ಹೇಳಿದ:

"ನಾಳೆಯಿಂದ ಎಲ್ರೂ ಬರ್ಬೇಕು ಕಣ್ರಮ್ಮ. ಹಣ್ಣು ಗಿಡದಲ್ಲೇ ಒಣಗ್ತೈತೆ. ಏಳೂವರೆಗೆ ಸ್ಟೋರ್ ಹತ್ರ ಇರಿ."

ಚಂದ್ರಿಕಾ ಪಾಯಸದ ಬಕೆಟ್ಟು ಹಿಡಿದು ಬಾಗಿದ್ದಳು. ಕಾಫಿ ಹಣ್ಣು ಕೊಯ್ಯುವ ಹೆಂಗಸರ ತಂಡಕ್ಕೆ ಅವಳೇ ಮೇಸ್ತ್ರಿ. ಬಕೆಟ್ಟು ಕೆಳಗಿಟ್ಟು ನೆಟ್ಟಗೆ ನಿಂತಳು.

"ಬತ್ತೀವಿ ಸಾರ್. ಆದ್ರೆ ಒಂಬತ್ತಕ್ಕೆ."

"ನಾಳೆ ಒಂದಿನನಾ?"

"ದಿನಾಲೂ. ಆನೆ ಯಾವ ತೋಟದಾಗೈತೆ ಅಂತ ಫಾರೆಸ್ಟಿನ ಹುಡುಗ್ರು ಹೆಜ್ಜೆ ನೋಡಿ ಮೊಬೈಲಿಗೆ ಹಾಕೋದೇ ಎಂಟೂವರೆಗೆ. ಅದು ಬಂದ್ಮೇಲೆ ಒಳಗೆ ಕಾಲಿಡ್ತೀವಿ. ಆನೆ ತುಳಿದು ಪುಷ್ಪಕ್ಕ ಹೋದ ದಿನಾನೂ ಮೆಸೇಜ್ ಬಂದಿತ್ತು ಸಾರ್. ನಾವು ಅವಳನ್ನ ಎತ್ಕೊಂಡು ಈಚೆಗೆ ಬರೋವಾಗ ಬಂತು."

ಪಂಕ್ತಿಯಲ್ಲಿ ಯಾರೂ ಎಲೆಯಿಂದ ತಲೆ ಎತ್ತಲಿಲ್ಲ. ಪುಷ್ಪಾಳ ಗಂಡ ಲಿಂಗಪ್ಪ ಚಪ್ಪರದ ಕಂಬಕ್ಕೆ ಒರಗಿದ್ದವನು ಮುಖ ಆಚೆ ತಿರುಗಿಸಿಕೊಂಡ. "ಸಾವ್ಕಾರ್ರಿಗೆ ಹೇಳ್ತೀನಿ" ಎಂದು ರೈಟರ್ ಬೈಕು ತಿರುಗಿಸಿದ.

ಆ ಗುಡ್ಡಗಳಲ್ಲಿ ತೋಟದ ಕೆಲಸ ಏಳೂವರೆಗೆ ಶುರುವಾಗುವುದು ಅಜ್ಜಂದಿರ ಕಾಲದಿಂದ ಬಂದದ್ದು. ಕೊಯ್ಲಿನ ತಿಂಗಳುಗಳಲ್ಲಿ ಆ ಹೊತ್ತಿಗೆ ಹತ್ತು ಮಾರು ಮುಂದಿನ ಗಿಡವೂ ಮಂಜಿನಲ್ಲಿ ಕಾಣುವುದಿಲ್ಲ. ಆನೆ ಯಾರನ್ನಾದರೂ ತುಳಿದರೆ ಹೆಣವನ್ನು ರಸ್ತೆಯಲ್ಲಿಟ್ಟು ಕೂರುತ್ತಾರೆ. ಅಧಿಕಾರಿಗಳು ಬರುತ್ತಾರೆ, ಪರಿಹಾರದ ಮಾತಾಗುತ್ತದೆ, ಜನ ಏಳುತ್ತಾರೆ. ಮಾರನೆಯ ದಿನ ಮತ್ತೆ ಏಳೂವರೆ. ಇದನ್ನು ಯಾರೂ ಅನ್ಯಾಯ ಎಂದು ಹೆಸರಿಟ್ಟು ಕರೆದಿರಲಿಲ್ಲ. ಅದು ಕೆಲಸದ ಹೊತ್ತು, ಅಷ್ಟೇ.

ರಾತ್ರಿ ಊಟಕ್ಕೆ ಹುರುಳಿ ಸಾರು, ಮುದ್ದೆ. ಚಂದ್ರಿಕಾಳ ಮಾವ ಭೂತಯ್ಯ ಮುದ್ದೆ ಮುರಿಯದೆ ತಟ್ಟೆ ನೋಡುತ್ತ ಕೂತ. ಮಂಡಿ ಕೆಟ್ಟು ಮನೆಯಲ್ಲಿ ಕೂರುವವರೆಗೆ ಬಿಳಿಕಲ್ಲಿಗೆ ಅವನೇ ಮೇಸ್ತ್ರಿ. ಆಮೇಲೆ ಸಾವ್ಕಾರರು ಅವನ ಮೇಲಿನ ನಂಬಿಕೆಯಿಂದಲೇ ಆ ಕೆಲಸ ಸೊಸೆಗೆ ಕೊಟ್ಟಿದ್ದರು.

"ಯಾರನ್ನ ಕೇಳಿ ಹೇಳ್ದೆ?" ಎಂದ.

"ನಿಮ್ಮನ್ನ ಕೇಳಿದ್ರೆ ಬ್ಯಾಡ ಅಂತಿದ್ರಿ ಮಾವ."

"ಅಂತಿದ್ದೆ. ಮಳೆ ಇರ್ಲಿ, ಚಳಿ ಇರ್ಲಿ, ನನ್ನ ಜನ ಒಂದಿನ ತಡವಾಗಿ ಹೋದೋರಲ್ಲ. ಆ ಮಾತಿನ ಮ್ಯಾಲೆ ಈ ಮನೆ ನಿಂತೈತೆ. ಇದು ಎಸ್ಟೇಟಿನ ಮನೆ, ನಮ್ಮಪ್ಪಂದಲ್ಲ."

"ಪುಷ್ಪಕ್ಕನ ಮನೆನೂ ನಿಂತೈತೆ. ಒಳಗೆ ಅವಳಿಲ್ಲ."

ಅತ್ತೆ ಮಾದಮ್ಮ ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದಳು. "ಹಣೆಬರ ಇತ್ತು, ಹೋಯ್ತು. ನಿಂಗ್ಯಾಕೆ ಊರ ಉಸಾಬರಿ? ನಾನು ಬಸುರಿಯಾಗಿ ಅದೇ ಮಂಜಿನಾಗೆ ಹೋಗಿದ್ದೀನಿ. ಇವ್ನು ಹುಟ್ಲಿಲ್ವಾ?"

ಇವನು ಎಂದದ್ದು ಮಗ ಶಿವುಗೆ, ಚಂದ್ರಿಕಾಳ ಗಂಡನಿಗೆ. ಅವನ ಹಳೆಯ ಜೀಪು ಓಡುತ್ತಿದ್ದದ್ದೇ ಎಸ್ಟೇಟಿನ ಕೆಲಸಕ್ಕೆ: ಮಗ್ಗೆ ಕಡೆಯಿಂದ ಆಳು ತರುವುದು, ಹಣ್ಣಿನ ಚೀಲ ಸಾಗಿಸುವುದು. ಅವನು ಬೇಗ ಉಂಡು ಎದ್ದ.

"ಒಂದು ವಾರ ನೋಡು," ಎಂದ ಹೆಂಡತಿಗೆ. "ಆಮೇಲೆ ಬುಟ್ಬುಡು."

ವಾರವೆಲ್ಲ ತಂಡ ಒಂಬತ್ತಕ್ಕೆ ಗೇಟಿನ ಮುಂದೆ ಹೋಗಿ ನಿಂತಿತು. ರೈಟರ್ ಗೇಟು ತೆಗೆಯಲಿಲ್ಲ. ಏಳೂವರೆಗೆ ಬಂದವರಿಗೆ ಮಾತ್ರ ಹಾಜರಿ ಎಂದ. ಹೆಂಗಸರು ಮಧ್ಯಾಹ್ನದವರೆಗೆ ಮೋರಿ ಕಟ್ಟೆಯ ಮೇಲೆ ಕೂತು, ಬುತ್ತಿ ಬಿಚ್ಚಿ ತಿಂದು ವಾಪಸಾದರು. ಒಂದು ದಿನ ಸಾವ್ಕಾರ್ ಮಹಾದೇವಯ್ಯನವರೇ ಕಾರಿನಿಂದ ಇಳಿದರು. ಗಟ್ಟಿಯಾಗಿ ಮಾತಾಡುವವರಲ್ಲ.

"ಚಂದ್ರಿಕಾ, ಪುಷ್ಪನ ವಿಷಯದಲ್ಲಿ ನನಗೂ ಸಂಕಟ ಇದೆ. ತಿಥಿ ಖರ್ಚು ಯಾರು ಕೊಟ್ಟಿದ್ದು, ಲಿಂಗಪ್ಪನ್ನ ಕೇಳು. ಆದ್ರೆ ನಾನೊಬ್ಬ ಒಂಬತ್ತು ಅಂತ ಒಪ್ಪಿದ್ರೆ ನಾಳೆ ಮಗ್ಗೆಯಿಂದ ಯಸಳೂರವರೆಗೆ ಎಲ್ಲ ತೋಟದಲ್ಲೂ ಕೇಳ್ತಾರೆ. ಬೇರೆ ತೋಟದವರು ನನ್ನ ಮುಖ ನೋಡ್ತಾರಾ?"

"ಕೇಳ್ಲಿ ಬಿಡಿ ಸಾರ್. ಸಂಜೆ ಹೊತ್ತು ಮುಳುಗೋವರೆಗೂ ಇದ್ದು ಹಣ್ಣಿನ ತೂಕ ಸರಿ ಮಾಡ್ಕೊಡ್ತೀವಿ."

"ನಿಮ್ಮ ಮಾವ ಒಂದು ದಿನ ನನ್ನೆದುರು ಹೀಗೆ ನಿಂತವನಲ್ಲ."

"ಹೌದು ಸಾರ್," ಎಂದಳು ಚಂದ್ರಿಕಾ. ಅವರು ಕಾರು ಹತ್ತಿದರು.

ಅಸ್ಸಾಮಿನವರು ಬಂದದ್ದು ಅದರ ಮರುವಾರ. ಸಕಲೇಶಪುರ ಸ್ಟೇಷನ್ನಿನಲ್ಲಿ ರೈಲಿಳಿದ ಗಂಡಸರು, ಹೆಂಗಸರು, ಎರಡು ಕೂಸು. ಎಲ್ಲರಿಗೂ ಒಂದೇ ಬಣ್ಣದ ಕಂಬಳಿ. ಅವರನ್ನು ಕರೆತಂದ ಜೀಪು ಯಾರದು ಎಂದು ಮನೆಗೆ ತಿಳಿಸಿದವಳು ಮಗಳು ಶೃತಿ. ಯಸಳೂರಿನ ಹೈಸ್ಕೂಲಿನಿಂದ ಬರುವಾಗ ಬಸ್ಸಿನ ಕಿಟಕಿಯಿಂದ ನೋಡಿದ್ದಳು.

"ಅಪ್ಪನ ಜೀಪಿನಾಗೆ ಅವ್ರು ಕೂತಿದ್ರು ಕಣಮ್ಮ. ನಾನು ಕೈ ಬೀಸ್ದೆ. ಅಪ್ಪ ನೋಡ್ಲಿಲ್ಲ."

ಶಿವು ಮನೆಗೆ ಬಂದಾಗ ಚಂದ್ರಿಕಾ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವುದನ್ನು ನಿಲ್ಲಿಸಲಿಲ್ಲ.

"ನನ್ನ ಜನದ ಕೆಲ್ಸಕ್ಕೆ ಬೇರೆಯೋರನ್ನ ನೀವೇ ತಂದು ಹಾಕಿದ್ರಾ?"

"ನಾನು ಹೋಗ್ದಿದ್ರೆ ಇನ್ನೊಬ್ಬನ ಜೀಪು ಹೋಗ್ತಿತ್ತು. ಈ ಮನೆಯಾಗೆ ಒಬ್ರಾದ್ರೂ ದುಡೀಬೇಕಲ್ಲ."

"ದಿನಾ ಏಳೂವರೆಗೆ ಅವ್ರನ್ನ ಒಳಗೆ ಬುಟ್ಟು ಬತ್ತೀರಾ?"

"ಬುಡ್ತೀನಿ. ನಿನ್ನ ಹಂಗೆ ಗೇಟಿನ ಮುಂದೆ ಕೂತ್ರೆ ನಾಳೆ ಈ ರೊಟ್ಟಿನೂ ಇರಾಕಿಲ್ಲ."

"ತಗೊಳ್ಳಿ, ಇವತ್ತು ಐತಲ್ಲ," ಎಂದು ರೊಟ್ಟಿಯನ್ನು ತಟ್ಟೆಗೆ ಎಸೆದಳು. ಅದು ತಟ್ಟೆಯಿಂದ ಜಾರಿ ನೆಲಕ್ಕೆ ಬಿತ್ತು. ಮಾದಮ್ಮ ಬಂದು ರೊಟ್ಟಿಯನ್ನೆತ್ತಿ, ಕೊಡವಿ ತನ್ನ ತಟ್ಟೆಗೆ ಹಾಕಿಕೊಂಡಳು. ಮಗನಿಗೆ ಬೇರೆ ಬಡಿಸಿದಳು.

ಅಂದಿನಿಂದ ಶಿವುವಿನ ಬುತ್ತಿ ಕಟ್ಟುವುದು ಮಾದಮ್ಮನ ಕೆಲಸವಾಯಿತು. ಸೊಸೆ ಏಳುವ ಮೊದಲೇ ಎದ್ದು ಒಲೆ ಹಚ್ಚಿ, ಮಗನ ಅನ್ನ ಬೇಯಿಸಿ, ಅದೇ ಬೆಂಕಿಯಲ್ಲಿ ನೀರು ಕಾಯಲು ಬಿಟ್ಟು ಹೊರಗೆ ಹೋಗಿಬಿಡುತ್ತಿದ್ದಳು. ಬೇಳೆ ತೆಳ್ಳಗಾಗುತ್ತ ಬಂತು. ಆಮೇಲೆ ಸೊಪ್ಪಿನ ಸಾರೇ ದಿನಾಲೂ. ಶೃತಿಗೆ ಸ್ಕೂಲಿನ ಊಟವಿತ್ತು. ಅವಳು ಸಂಜೆ ಬಂದು "ಹಸಿವಿಲ್ಲ" ಎನ್ನುವುದನ್ನು ಕಲಿತಳು.

ತಂಡವೂ ಕರಗಿತು. ಮೊದಲು ಬಂದವಳು ದೀಪಶ್ರೀ, ಮೂಲೆಮನೆಯ ಬಾಣಂತಿ. ಕೂಸನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲೇ ನಿಂತಳು.

"ಅಕ್ಕ, ನಾನು ನಾಳೆಯಿಂದ ಏಳೂವರೆಗೆ ಹೋಗ್ತೀನಿ. ಬೇಜಾರು ಮಾಡ್ಕೋಬ್ಯಾಡ."

"ಹೋಗು. ಹಳ್ಳದ ಕಡೆ ಹೋಗ್ಬ್ಯಾಡ. ಯಾರಾದ್ರೂ ಕಂಡೋರ ಜೊತೆಗಿರು."

ದೀಪಶ್ರೀ ಮಾರನೆಯ ದಿನವೇ ವಾಪಸು ಬಂದಳು. ಆಳು ಸಾಕು ಎಂದಿದ್ದ ರೈಟರ್. ಹೋಗುವ ಮನಸ್ಸು ಮಾಡಿದವರಿಗೂ ಈಗ ಕೆಲಸವಿಲ್ಲ ಎಂಬುದು ಲೈನಿಗೆಲ್ಲ ಗೊತ್ತಾದ ಮೇಲೆ, ನಲ್ಲಿಯ ಹತ್ತಿರ ಚಂದ್ರಿಕಾಳ ಕೊಡ ಬಂದರೆ ಹೆಂಗಸರು ತಮ್ಮ ಕೊಡ ಎತ್ತಿಕೊಂಡು ಹೊರಡತೊಡಗಿದರು. ಬೈಯುವವರು ಬೈದರು. ಲಿಂಗಪ್ಪನಿಗೆ ಎಸ್ಟೇಟಿನಲ್ಲೇ ಸ್ಟೋರು ಕಾಯುವ ಕೆಲಸ ಕೊಟ್ಟಿದ್ದರು. ಅವನು ದಾರಿಯಲ್ಲಿ ಸಿಕ್ಕಾಗ ಚಂದ್ರಿಕಾಳೇ ಮಾತಾಡಿಸಿದಳು.

"ಅಣ್ಣ, ನೀನೊಂದು ಮಾತು ಸಾವ್ಕಾರ್ರಿಗೆ ಹೇಳಿದ್ರೆ..."

"ನನ್ನ ಹೆಂಡ್ತಿ ಹೆಸ್ರು ಹೇಳ್ಕಂಡು ಜನಾನ ಹಾಳು ಮಾಡ್ಬ್ಯಾಡ ಕಣಮ್ಮಿ," ಎಂದ ಲಿಂಗಪ್ಪ. "ಅವ್ಳು ಹೋದ್ಲು. ಇರೋರು ಉಣ್ಣಲಿ."

ಚಂದ್ರಿಕಾ ಮನೆಗೆ ಬಂದು ಕೊಟ್ಟಿಗೆಯ ಹಿಂದೆ ಸೌದೆ ಒಡೆದಳು. ಬೇಕಾದದ್ದಕ್ಕಿಂತ ಹೆಚ್ಚು ಒಡೆದಳು. ಭೂತಯ್ಯ ಜಗಲಿಯಲ್ಲಿ ಕೂತು ನೋಡುತ್ತಿದ್ದವನು, "ನಾಳೆ ಹೋಗಿ ಸಾವ್ಕಾರ್ರ ಕಾಲು ಹಿಡ್ಕೋ. ನಾನೂ ಜೊತೆಗೆ ಬತ್ತೀನಿ," ಎಂದ.

"ನೋಡಾನ ಮಾವ," ಎಂದಳು ಅವಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದು ಆ ತಿಂಗಳಲ್ಲಿ ಅದೇ ಮೊದಲು.

ಕಾಲು ಹಿಡಿಯಲು ಹೋಗಬೇಕಿದ್ದ ಬೆಳಿಗ್ಗೆ ಮೆಸೇಜು ಬೇಗ ಬಂತು. ಆನೆಗಳ ಗುಂಪು ರಸ್ತೆ ದಾಟುವುದನ್ನು ಮೊದಲ ಬಸ್ಸಿನ ಡ್ರೈವರ್ ಕಣ್ಣಾರೆ ಕಂಡು ಫಾರೆಸ್ಟಿನವರಿಗೆ ಹೇಳಿದ್ದನಂತೆ. ಬಿಳಿಕಲ್ಲಿನ ಹಳ್ಳದ ತೋಟಕ್ಕೆ ಇಳಿದಿವೆ, ಮರಿಗಳಿವೆ, ಯಾರೂ ಒಳಗೆ ಹೋಗಬೇಡಿ ಎಂದಿತ್ತು. ಇನ್ನೂ ಏಳೂ ಆಗಿರಲಿಲ್ಲ. ಶಿವು ಆಗಷ್ಟೇ ಜೀಪು ತೆಗೆದುಕೊಂಡು ಹೋಗಿದ್ದ. ಅಸ್ಸಾಮಿನವರನ್ನು ರಸ್ತೆ ಬದಿಯ ಹಳೆಯ ಗೋಡೌನಿನಲ್ಲಿ ಇಟ್ಟಿದ್ದರು; ಅಲ್ಲಿಂದ ಹತ್ತಿಸಿಕೊಂಡು ಸುತ್ತು ದಾರಿಯಲ್ಲಿ ತೋಟದ ಗೇಟಿಗೆ ಬರಬೇಕು.

ಚಂದ್ರಿಕಾ ಫೋನು ಮಾಡಿದಳು. ಶಿವು ಕಟ್ ಮಾಡಿದ. ಮತ್ತೆ ಮಾಡಿದಳು. ಮತ್ತೆ ಕಟ್.

"ನಾನು ಬೈಯೋಕೆ ಮಾಡ್ತಿದ್ದೀನಿ ಅಂದ್ಕೊಂಡವ್ರೆ," ಎಂದಳು. "ಅತ್ತೆ, ನಿಮ್ಮ ಫೋನಿಂದ ಮಾಡಿ. ಹಳ್ಳದ ತೋಟದಾಗೆ ಗುಂಪು ಐತಂತೆ. ಕೊಯ್ಲು ಈಗ ಅಲ್ಲೇ ನಡೀತೈತೆ, ಇವತ್ತೂ ಅವ್ರನ್ನ ಅಲ್ಲಿಗೇ ಬುಡೋದು."

ಮಾದಮ್ಮನ ಫೋನಿನಲ್ಲಿ ಕರೆನ್ಸಿ ಮುಗಿದು ವಾರವಾಗಿತ್ತು. ಅವಳು ಒಲೆಯ ಮುಂದಿಂದ ಏಳಲಿಲ್ಲ.

"ನಮ್ಮ ಅನ್ನ ಕಿತ್ಕಂಡೋರು. ಹೋಗ್ಲಿ ಬುಡು."

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶೃತಿ ಜಡೆ ಹಾಕಿಕೊಳ್ಳುತ್ತಿದ್ದವಳು ಕೈ ನಿಲ್ಲಿಸಿ ಅಜ್ಜಿಯನ್ನು ನೋಡಿದಳು.

ಭೂತಯ್ಯ ಕಾಫಿ ಲೋಟ ನೆಲಕ್ಕಿಟ್ಟು ಗೋಡೆ ಹಿಡಿದು ಎದ್ದ. "ಅವ್ರು ಹೊಸ ಜನ. ಅವ್ರಿಗೆ ಲದ್ದಿ ಯಾವ್ದು, ಹೆಜ್ಜೆ ಯಾವ್ದು ಗೊತ್ತಿರಾಕಿಲ್ಲ," ಎಂದು ದೊಣ್ಣೆ ತೆಗೆದುಕೊಂಡು ಹಿತ್ತಲ ಕಾಲುದಾರಿಗೆ ಇಳಿದ. ಮಂಡಿ ಬಾತವನಿಗೆ ಆ ಇಳಿಜಾರು ಆಗುವಂಥದ್ದಲ್ಲ. ಚಂದ್ರಿಕಾ ಹಿಂದೆಯೇ ಓಡಿ ತೋಳಿಗೆ ಕೈ ಕೊಟ್ಟಳು. ಅವನು ಕೊಡವಲಿಲ್ಲ.

ಅವರು ಗೇಟು ಮುಟ್ಟುವಾಗ ಜೀಪು ತಿರುವಿನಲ್ಲಿ ಬರುತ್ತಿತ್ತು. ಭೂತಯ್ಯ ರಸ್ತೆಯ ನಡುವೆ ದೊಣ್ಣೆ ಊರಿ ನಿಂತ. ಗೇಟಿನ ಒಳಗಿದ್ದ ರವಿಚಂದ್ರ ಹೊರಗೆ ಬಂದ.

"ಅಜ್ಜ, ದಾರಿ ಬುಡು."

"ಹಳ್ಳದ ತೋಟದಾಗೆ ಆನೆ ಐತೆ."

"ನಿನ್ನ ಸೊಸೆ ಹೇಳ್ಕೊಟ್ಳಾ?"

"ಫಾರೆಸ್ಟಿನವರು ಹೇಳವ್ರೆ. ನೋಡ್ಕೋ ನಿನ್ನ ಫೋನ."

"ಬ್ಯಾರೆ ತೋಟದಾಗೂ ದಿನಾ ಹಿಂಗೇ ಹಾಕ್ತಾರೆ. ಕೆಲ್ಸ ನಿಲ್ಸಕಾಗ್ತದಾ? ನೀನೇ ಎಷ್ಟು ಸಲ ಆನೆ ಇದ್ದಾಗ ಆಳು ಹೊಡ್ಕಂಡು ಹೋಗಿಲ್ಲ?"

"ಹೋಗಿದ್ದೀನಿ," ಎಂದ ಭೂತಯ್ಯ. ಉಸಿರು ಏರಿತ್ತು. "ಯಾರೂ ಬ್ಯಾಡ ಅನ್ಲಿಲ್ಲ, ಹೋದೆ. ಈಗ ನಾನು ಅಂತಿದ್ದೀನಿ, ಬ್ಯಾಡ." ಜೀಪಿನ ಕಡೆ ತಿರುಗಿದ. "ಶಿವು, ಹೋಗೋದಾದ್ರೆ ನನ್ನ ಮ್ಯಾಲೆ ಹತ್ತಿಸ್ಕಂಡು ಹೋಗು."

ಶಿವು ಅಪ್ಪನನ್ನು ನೋಡಿದ, ಹೆಂಡತಿಯನ್ನು ನೋಡಿದ. ಎಂಜಿನ್ ಆಫ್ ಮಾಡಿದ. ಹಿಂದೆ ತಿರುಗಿ ತನಗೆ ಬರುತ್ತಿದ್ದ ಒಂದೇ ಹಿಂದಿ ಮಾತು ಹೇಳಿದ: "ಹಾಥಿ."

ಅವರಿಗೆ ಅಷ್ಟೇ ಸಾಕಾಯಿತು. ನೆರೆತ ಕೂದಲಿನ ಹೆಂಗಸೊಬ್ಬಳು ಮೊದಲು ಇಳಿದು, ಕೈಯನ್ನು ಮಂಡಿಯೆತ್ತರಕ್ಕೆ ಹಿಡಿದು, ಮರಿ ಇದೆಯೇ ಎಂದು ಸನ್ನೆಯಲ್ಲಿ ಕೇಳಿದಳು. ಚಂದ್ರಿಕಾ ಹೌದು ಎಂದು ತಲೆಯಾಡಿಸಿದಳು. ಆ ಹೆಂಗಸು ತನ್ನವರಿಗೆ ಅವರ ಭಾಷೆಯಲ್ಲಿ ಏನೋ ಹೇಳಿದಳು. ಎಲ್ಲರೂ ಇಳಿದು ಮೋರಿ ಕಟ್ಟೆಯ ಮೇಲೆ ಕೂತರು. ಅವಳು ಒಬ್ಬ ಗಂಡಸಿನ ತೋಳು ಹಿಡಿದು ಚಂದ್ರಿಕಾಳಿಗೆ ತೋರಿಸಿದಳು. ಮುರಿದು ಓರೆಯಾಗಿ ಕೂಡಿಕೊಂಡ ತೋಳು. "ಹಾತಿ," ಎಂದಳು. ಅವರ ಊರಿನಲ್ಲೂ ಆನೆಗಳಿದ್ದವು.

ರವಿಚಂದ್ರ ಕೂಗಾಡಿದ, ಫೋನು ಮಾಡಿದ, ಒಬ್ಬರೂ ಏಳಲಿಲ್ಲ. ಮಂಜು ಹರಿದು ಬಿಸಿಲು ಬಿದ್ದ ಮೇಲೆ ಸಾವ್ಕಾರರ ಕಾರು ಬಂತು. ರೈಟರ್ ನಾಲ್ವರು ಗಂಡಸರನ್ನು ಕರೆದುಕೊಂಡು ಹಳ್ಳದ ತೋಟ ನೋಡಿಬಂದ. ಆನೆಗಳು ಆಚೆ ಗುಡ್ಡಕ್ಕೆ ದಾಟಿ ಹೋಗಿದ್ದವು.

"ಎಲ್ಲೈತೆ ಸಾರ್ ಆನೆ?" ಎಂದ. "ಎರಡು ಬಾಳೆ ಮುರಿದವೆ, ಅಷ್ಟೇಯ."

ಮಹಾದೇವಯ್ಯ ಭೂತಯ್ಯನ ಕಡೆ ನೋಡಿದರು. "ನೀನೂನಾ ಭೂತಯ್ಯ?" ಎಂದರು. ಭೂತಯ್ಯ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಹಳೆಯ ಅಭ್ಯಾಸ. ಆದರೆ ತಪ್ಪಾಯಿತು ಎನ್ನಲಿಲ್ಲ.

ಯಾರೂ ಸಾಯದೆ ಇದ್ದದ್ದರಿಂದ ತೋರಿಸಲು ಚಂದ್ರಿಕಾಳ ಮನೆಯವರ ಬಳಿ ಏನೂ ಇರಲಿಲ್ಲ. ತಿಂಗಳ ಕೊನೆಗೆ ಮನೆ ಬಿಡಬೇಕೆಂದು ಸಂಜೆ ಸಾವ್ಕಾರರು ಹೇಳಿಕಳಿಸಿದರು. ಶಿವುವಿನ ಜೀಪೂ ಇನ್ನು ಕೆಲಸಕ್ಕೆ ಬೇಡವೆಂದರು.

ಸಾಮಾನು ಕಟ್ಟುವಾಗ ಮಾದಮ್ಮ ಒರಳನ್ನು ಮಾತ್ರ ಬಿಡಲು ಒಪ್ಪಲಿಲ್ಲ. ಶಿವು ಮತ್ತು ಚಂದ್ರಿಕಾ ಎರಡೂ ಕಡೆ ಹಿಡಿದು ಅದನ್ನು ಜೀಪಿಗೆ ಏರಿಸಿದರು. ಎಷ್ಟೋ ದಿನದ ಮೇಲೆ ಇಬ್ಬರೂ ಸೇರಿ ಮಾಡಿದ ಕೆಲಸ ಅದು.

"ಅವತ್ತು ಫೋನ್ ಎತ್ಬೇಕಿತ್ತು," ಎಂದ ಶಿವು.

"ಎತ್ತಿದ್ರೆ ನಿಲ್ಲಿಸ್ತಿದ್ರಾ?"

ಅವನು ಒರಳಿಗೆ ಹಗ್ಗ ಬಿಗಿದ. "ಗೊತ್ತಿಲ್ಲ ಕಣೆ," ಎಂದ.

ಆನೇಮಹಲಿನಲ್ಲಿ ಹೆದ್ದಾರಿಯ ಪಕ್ಕ, ಟೈರ್ ಅಂಗಡಿಯ ಹಿಂದೆ ಒಂದು ಕೋಣೆ ಸಿಕ್ಕಿತು. ಲಾರಿ ಹೋದಾಗಲೆಲ್ಲ ತಗಡು ಅದುರುತ್ತಿತ್ತು. ಭೂತಯ್ಯನ ಮಂಡಿ ಆ ಇಳಿಜಾರಿನ ಮೇಲೆ ಪೂರ್ತಿ ಕೈಕೊಟ್ಟಿತ್ತು. ಹೊರಗೆ ಹೋಗಲೂ ಒಬ್ಬರು ಎತ್ತಬೇಕು. ಬಾಡಿಗೆ ಸಿಗದೆ ಶಿವು ಜೀಪು ಮಾರಿ ಮರದ ಡಿಪೋದಲ್ಲಿ ಲೋಡಿಂಗಿಗೆ ಸೇರಿದ. ಶೃತಿ ಎರಡು ಬಸ್ಸು ಬದಲಿಸಿ ಯಸಳೂರಿಗೆ ಹೋಗಿಬರುತ್ತಿದ್ದವಳು ಒಂದು ಸೋಮವಾರ ಚೀಲ ತೆಗೆದುಕೊಳ್ಳಲಿಲ್ಲ.

"ತಾತನ್ನ ನೋಡ್ಕೊಳೋಕೆ ಒಬ್ರು ಬೇಕಲ್ಲಮ್ಮ. ನೀನೂ ಅಜ್ಜಿನೂ ಕೂಲಿಗೆ ಹೋಗಿ."

"ಪರೀಕ್ಷೆ?"

"ಮುಂದಿನ ವರ್ಷ ಬರೀತೀನಿ."

ಚಂದ್ರಿಕಾ ಹೊಡೆಯಲು ಕೈ ಎತ್ತಿದಳು. ಎತ್ತಿದ ಕೈಯಿಂದ ಮಗಳ ತಲೆಗೂದಲು ಸರಿಮಾಡಿದಳು. ಅಂದು ಅವರ ಮನೆಯಲ್ಲಿ ಗಂಜಿ. ದೀಪಶ್ರೀ ಫೋನು ಮಾಡಿದ್ದಳು: ಅಸ್ಸಾಮಿನವರು ಬೇರೆ ಕಡೆಗೆ ಹೋದರಂತೆ, ಲೈನಿನ ಹೆಂಗಸರನ್ನೇ ಮತ್ತೆ ಕರೆದರಂತೆ. ಏಳೂವರೆಗೆ.

"ಎಲ್ರೂ ಹೋಗ್ತಿದ್ದಾರಾ?" ಎಂದು ಚಂದ್ರಿಕಾ ಕೇಳಿದ್ದಳು.

"ಎಲ್ರೂ ಅಕ್ಕ. ನಾನೂ."

ಮಾರನೆಯ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಬುತ್ತಿ ಹಿಡಿದು ಹೆದ್ದಾರಿಗೆ ಬಂದು ನಿಂತರು. ಆಲೂರು ಕಡೆಯ ಯಾವುದೋ ತೋಟಕ್ಕೆ ಆಳು ಬೇಕೆಂದು ಟೈರ್ ಅಂಗಡಿಯವನು ಹೇಳಿದ್ದ. ಎದುರು ದಿಕ್ಕಿನ ಲಾರಿಗಳ ದೀಪಗಳು ಮಂಜಿನಲ್ಲಿ ಹಳದಿ ಉಂಡೆಗಳಂತೆ ಬಂದು ಹೋಗುತ್ತಿದ್ದವು. ಜೀಪೊಂದು ನಿಂತಿತು. ಒಳಗೆ ಆಗಲೇ ಹೆಂಗಸರು ತುಂಬಿದ್ದರು. ಮೇಸ್ತ್ರಿ ಮುಂದಿನ ಸೀಟಿನಿಂದ ತಲೆ ಹಾಕಿ, "ಇಬ್ರಾ? ಹತ್ತಿ ಬೇಗ, ಏಳೂವರೆಗೆ ಅಲ್ಲಿರ್ಬೇಕು," ಎಂದ.

ಚಂದ್ರಿಕಾ ಏನೂ ಕೇಳಲಿಲ್ಲ. ಕಂಬಿ ಹಿಡಿದು ಒಂದು ಕಾಲು ಮೇಲಿಟ್ಟಳು.

"ತಡಿ," ಎಂದಳು ಮಾದಮ್ಮ. ಮುಂದೆ ಹೋಗಿ ಮೇಸ್ತ್ರಿಯ ಕಿಟಕಿಯ ಹತ್ತಿರ ನಿಂತಳು. "ಏನಪ್ಪ, ನಿಮ್ಮ ತೋಟದ ಕಡೆ ಆನೆ ಎಲ್ಲೈತೆ ಇವತ್ತು?"

"ಯಾರಿಗೊತ್ತು ಮಾರಾಯ್ತಿ. ಇನ್ನೂ ಮೆಸೇಜ್ ಬಂದಿಲ್ಲ. ಹತ್ತಜ್ಜಿ."

"ಮೆಸೇಜ್ ಬರೋಗಂಟ ಕಾಯ್ತೀರಾ?"

"ಕಾದ್ರೆ ಕೆಲ್ಸ ಆದಂಗೇ."

ಮಾದಮ್ಮ ಹಿಂದೆ ಬಂದು ಸೊಸೆಯ ಸೀರೆಯ ಸೆರಗು ಹಿಡಿದಳು. "ಇಳಿ."

"ಅತ್ತೆ, ಮನೆಯಾಗೆ ಏನೈತೆ ಅಂತ ಇಳೀಲಿ?"

"ಗೊತ್ತು. ನಾನೇ ಅಲ್ವಾ ಮಡಿಕೆ ತೊಳ್ದಿದ್ದು. ಇಳಿ."

ಮೇಸ್ತ್ರಿ ಹಾರ್ನ್ ಒತ್ತಿದ. ಚಂದ್ರಿಕಾ ಕಾಲು ಕೆಳಗಿಟ್ಟಳು. ಜೀಪು ಹೊರಟುಹೋಯಿತು, ಹಿಂದೆ ಕೂತಿದ್ದ ಹೆಂಗಸರು ಮಂಜು ಮುಚ್ಚುವವರೆಗೂ ಇವರಿಬ್ಬರನ್ನೇ ನೋಡುತ್ತಿದ್ದರು.

ಚಂದ್ರಿಕಾ ರಸ್ತೆ ಬದಿಯ ಕಲ್ಲಿನ ಮೇಲೆ ಕುಸಿದು ಅತ್ತಳು. ಪುಷ್ಪಾಳ ಹೆಣ ಹೊತ್ತಾಗಲೂ, ಲೈನ್ ಮನೆ ಬಿಟ್ಟಾಗಲೂ ಅತ್ತಿರಲಿಲ್ಲ. ಮಾದಮ್ಮ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿ, ಇದ್ದ ಒಂದು ತುತ್ತು ಗಟ್ಟಿ ಗಂಜಿಯನ್ನು ಎರಡು ಮಾಡಿದಳು.

"ತಿನ್ನು. ಬಿಸ್ಲೇರಿದ ಮ್ಯಾಲೆ ಇನ್ನೊಂದು ಜೀಪು ಬತ್ತದೆ."

"ಬರ್ದಿದ್ರೆ?"

"ನಾಳೆ ಬತ್ತದೆ," ಎಂದಳು ಮಾದಮ್ಮ. "ಅವ್ನನ್ನೂ ಇದೇ ಕೇಳಾನ."